ಮಾಮಿಯ ಮನೆಯ ಟೆಲಿವಿಷನ್ನಿನಲ್ಲಿ ಕೇಳಿದ ಹಾಡು

ಆಗಸ್ಟ್ ತಿಂಗಳ ಮೊದಲ ವಾರದ ಒಂದು ಸಂಜೆ. ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು ವರಾಂಡದಲ್ಲಿ ಕುಳಿತಿದ್ದೆ. ಶಾಲೆಯಿಂದ ಬಂದ ಮೊಮ್ಮಗಳು ಪುಸ್ತಕದ ಚೀಲವನ್ನು ಮೂಲೆಗೆಸೆದವಳೇ, "ತಾತ, ನನಗೆ ತಮಿಳು ಬಂದಿದೆ!" ಎಂದು ಗೋಳಾಡಿದಳು. ಜ್ವರ ಬಂದಿದೆ ಎನ್ನುವಾಗ ಮಕ್ಕಳ ಮುಖ ಹೇಗಿರುತ್ತದೆಯೋ ಅವಳ ಮುಖವೂ ಹಾಗೆಯೇ ಇತ್ತು.

ವಿಚಾರಿಸಿದಾಗ ಸಂಗತಿ ತಿಳಿಯಿತು. ಸ್ವಾತಂತ್ರ್ಯ ದಿನಾಚರಣೆಗೆ ಅವಳ ಶಾಲೆಯ ಮಕ್ಕಳು ಹಳೆಯ ಹಾಡೊಂದನ್ನು ಸಾಮೂಹಿಕವಾಗಿ ಹಾಡಬೇಕಂತೆ. ಒಬ್ಬೊಬ್ಬರಿಗೆ ಒಂದೊಂದು ಭಾಷೆಯ ಸಾಲು. ಯಾರಿಗೆ ಯಾವುದೆಂದು ನಿರ್ಧರಿಸಲು ಉಪಾಧ್ಯಾಯಿನಿ ಚೀಟಿ ಎತ್ತಿಸಿದರಂತೆ. ಇವಳ ಕೈಗೆ ತಮಿಳಿನ ಚೀಟಿ ಬಂದಿದೆ. ಹಾಡು ಯಾವುದೆಂದು ಕೇಳಿದೆ. ಉತ್ತರವಾಗಿ ಅವಳು ತಾಯಿಯ ಮೊಬೈಲನ್ನು ತಂದು ನನ್ನ ಎದುರು ಹಿಡಿದಳು.

ತಂಬೂರಿಯ ಶ್ರುತಿ ಕೇಳಿಸಿತು. ಅದರ ಮೇಲೆ ಭೀಮಸೇನ ಜೋಶಿಯವರ ಕಂಠ ಏರಿತು. ಒಳಗೆ ಹುರುಳಿಕಾಯಿ ಹೆಚ್ಚುತ್ತಿದ್ದ ನನ್ನಾಕೆ ಈಳಿಗೆಮಣೆಯನ್ನು ಹಾಗೆಯೇ ಬಿಟ್ಟು ಹೊಸಿಲಿಗೆ ಬಂದು ನಿಂತಳು. ಕಂಪ್ಯೂಟರಿನೆದುರು ಕುಳಿತು ಕಚೇರಿಯ ಕೆಲಸ ಮಾಡುತ್ತಿದ್ದ ಮಗ ಕಿವಿಯ ಯಂತ್ರವನ್ನು ತೆಗೆದಿಟ್ಟು ಬಂದ. ಆರು ನಿಮಿಷಗಳ ಕಾಲ ಯಾರೂ ಮಾತನಾಡಲಿಲ್ಲ. ಹಾಡು ಮುಗಿದಾಗ ಮಗ, "ಈಗ ಏನೋ ಒಂದು ಧಾರಾವಾಹಿ ಶುರುವಾಗಬೇಕು ಅನ್ನಿಸುತ್ತೆ, ಅಲ್ವಾ ಅಪ್ಪ?" ಎಂದು ನಕ್ಕ. ನನ್ನಾಕೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಾಮಿಯ ಮನೆಯ ಬೆತ್ತದ ಕುರ್ಚಿ ನೆನಪಾಯಿತು" ಎಂದಳು.

ಆ ಹಾಡು 'ಮಿಲೇ ಸುರ್ ಮೇರಾ ತುಮ್ಹಾರಾ'. ಈ ಲೇಖನ ಅದರ ಸ್ಮರಣೆಗಾಗಿ. ಜತೆಗೆ ಮಾಮಿಯ ಮನೆಯ ಬೆತ್ತದ ಕುರ್ಚಿಯ ಸ್ಮರಣೆಗಾಗಿಯೂ ಹೌದು.

ಒಂದೇ ಪೆಟ್ಟಿಗೆ, ಒಂದೇ ವಾಹಿನಿ

ಇಂದು ಅತ್ತಿಗುಪ್ಪೆಯೆಂದರೆ ಮೆಟ್ರೋ ನಿಲ್ದಾಣ. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ರೈಲು ಓಡತೊಡಗಿದ ಮೇಲೆ ನಮ್ಮ ಊರಿನ ಹೆಸರನ್ನು ದಿನಕ್ಕೆ ನೂರಾರು ಬಾರಿ ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಾರೆ. 1988ರಲ್ಲಿ ಹೀಗಿರಲಿಲ್ಲ. ವಿಜಯನಗರದ ಬಸ್ಸಿನಿಂದ ಇಳಿದು, ಖಾಲಿ ನಿವೇಶನಗಳ ನಡುವಣ ಕಾಲುದಾರಿಯಲ್ಲಿ ನಡೆದು ನಾವು ಮನೆ ಸೇರುತ್ತಿದ್ದೆವು. ನಮ್ಮ ಅಡ್ಡರಸ್ತೆಯಲ್ಲಿದ್ದದ್ದು ಏಳೇ ಮನೆ. ನಮ್ಮದು ಮತ್ತು ಇನ್ನೆರಡು ಕನ್ನಡದ ಮನೆಗಳು, ಒಂದು ತೆಲುಗರದು, ಒಂದು ಮರಾಠಿಯವರದು, ಒಂದು ಉರ್ದು ಮಾತನಾಡುವ ಸಾಹೇಬರದು, ನಮ್ಮ ಮನೆಯ ಗೋಡೆಗೆ ಅಂಟಿಕೊಂಡಂತೆ ತಮಿಳು ಮಾಮಿಯ ಮನೆ. ಆ ಏಳು ಮನೆಗಳ ಪೈಕಿ ಬಣ್ಣದ ಟೆಲಿವಿಷನ್ ಇದ್ದದ್ದು ಮಾಮಿಯ ಮನೆಯಲ್ಲಿ ಮಾತ್ರ.

ಮರದ ಕಪಾಟಿನಂತಿದ್ದ ಆ ಪೆಟ್ಟಿಗೆಗೆ ಎಳೆದು ಮುಚ್ಚುವ ಬಾಗಿಲಿತ್ತು, ಬಾಗಿಲಿಗೆ ಬೀಗವಿತ್ತು. ಬೀಗದ ಕೈ ಮಾಮಿಯ ಸೊಂಟದಲ್ಲಿತ್ತು. ಗಾಳಿ ಬೀಸಿದಾಗಲೆಲ್ಲ ತಾರಸಿಯ ಮೇಲಿನ ಆಂಟೆನಾ ದಿಕ್ಕು ತಪ್ಪುತ್ತಿತ್ತು. ಮಾಮಿಯ ಯಜಮಾನರು ಮೇಲೆ ಹತ್ತಿ ಅದನ್ನು ತಿರುಗಿಸುವುದು, ಕೆಳಗಿನಿಂದ ನಾವೆಲ್ಲರೂ "ಬಂತು, ಬಂತು... ಹೋಯ್ತು!" ಎಂದು ಕೂಗುವುದು ವಾರಕ್ಕೊಮ್ಮೆಯಾದರೂ ನಡೆಯುತ್ತಿದ್ದ ಕೆಲಸ.

1987ರ ಜನವರಿಯಿಂದ ಭಾನುವಾರದ ಬೆಳಗ್ಗೆಗಳನ್ನೆಲ್ಲ 'ರಾಮಾಯಣ' ಧಾರಾವಾಹಿ ಆಕ್ರಮಿಸಿತ್ತು. 1988ರ ಜುಲೈ 31ರಂದು ಅದು ಮುಗಿಯಿತು. 'ಮಹಾಭಾರತ' ಆರಂಭವಾದದ್ದು ಅದೇ ವರ್ಷದ ಅಕ್ಟೋಬರ್ 2ರಂದು. ಈ ಎರಡು ಮಹಾಕಾವ್ಯಗಳ ನಡುವಿನ ಬಿಡುವಿನಲ್ಲಿ, ಆಗಸ್ಟ್ 15ರ ಸೋಮವಾರ ಕೆಂಪುಕೋಟೆಯಿಂದ ಪ್ರಧಾನಿಗಳ ಭಾಷಣ ಮುಗಿದ ನಂತರ, ಈ ಹಾಡು ಮೊದಲ ಬಾರಿಗೆ ದೂರದರ್ಶನದಲ್ಲಿ ಮೂಡಿಬಂತು. ಆಮೇಲೆ ಅದಕ್ಕೆ ಹೊತ್ತುಗೊತ್ತು ಇರಲಿಲ್ಲ. ಎರಡು ಕಾರ್ಯಕ್ರಮಗಳ ನಡುವೆ ಐದಾರು ನಿಮಿಷ ಉಳಿದರೆ ಹಾಡು. ಎಲ್ಲಿಯೋ ತಂತಿ ಕಡಿದು ಚಿತ್ರ ನಿಂತರೆ 'ಅಡಚಣೆಗಾಗಿ ವಿಷಾದ'ದ ಫಲಕದ ಹಿಂದೆಯೇ ಹಾಡು. ಬೇಕೆಂದಾಗ ಅದನ್ನು ಕರೆಯುವಂತಿರಲಿಲ್ಲ. ಬಂದಾಗ ಕೈಯ ಕೆಲಸ ಬಿಟ್ಟು ಓಡಬೇಕಾಗಿತ್ತು. ಗೋಡೆಯಾಚೆಯಿಂದ ತಂಬೂರಿಯ ಶ್ರುತಿ ಕೇಳಿಸಿದರೆ ಸಾಕು, ನನ್ನ ಇಬ್ಬರು ಮಕ್ಕಳೂ ಮಾಮಿಯ ಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿರುತ್ತಿದ್ದರು.

ಒಂದೇ ರಾಗ, ಹದಿನಾಲ್ಕು ಉಡುಪು

ಆ ಕಾಲದಲ್ಲಿ ಲೋಕದ ಬೇರೆ ಕಡೆಗಳಲ್ಲಿಯೂ ಇಂಥ ಸಮೂಹಗಾನಗಳಿಗೆ ಒಂದು ಬೆಡಗು ಬಂದಿತ್ತು. 1985ರಲ್ಲಿ ಅಮೆರಿಕದ ಹೆಸರಾಂತ ಗಾಯಕರು ಆಫ್ರಿಕದ ಕ್ಷಾಮಪೀಡಿತರಿಗಾಗಿ ಒಟ್ಟಾಗಿ ನಿಂತು ಹಾಡಿದ ಗೀತೆ ಜಗತ್ತಿನ ಮೂಲೆಮೂಲೆಯನ್ನೂ ತಲುಪಿತ್ತು. ಅಲ್ಲಿ ಭಾಷೆ ಒಂದೇ, ಕಂಠಗಳು ಹಲವು. ನಮ್ಮಲ್ಲಿ ಭಾಷೆಗಳೇ ಹಲವು. ಒಂದೇ ಅರ್ಥದ ಮಾತನ್ನು ಹದಿನಾಲ್ಕು ಭಾಷೆಗಳಲ್ಲಿ ಹಾಡಿಸುವುದೆಂದರೆ ಸಾಮಾನ್ಯ ಸಾಹಸವಲ್ಲ.

ಹಾಡಿನ ಹುಟ್ಟು ಜಾಹೀರಾತು ಸಂಸ್ಥೆಯೊಂದರ ಕಚೇರಿಯಲ್ಲಾಯಿತೆಂದರೆ ಕೆಲವು ಓದುಗರಿಗೆ ಆಶ್ಚರ್ಯವಾದೀತು. ಲೋಕ ಸೇವಾ ಸಂಚಾರ ಪರಿಷತ್ತಿಗಾಗಿ ಇದನ್ನು ಕಲ್ಪಿಸಿದವರು ಆಗಿಲ್ವಿ ಸಂಸ್ಥೆಯ ಸುರೇಶ್ ಮಲ್ಲಿಕ್. ಹಿಂದಿಯ ಸಾಹಿತ್ಯ ಬರೆದವರು ಅದೇ ಸಂಸ್ಥೆಯ ಪೀಯೂಷ್ ಪಾಂಡೆ. ಆಗಿನ್ನೂ ತರುಣರಾಗಿದ್ದ ಅವರು ಮುಂದೆ ಭಾರತದ ಜಾಹೀರಾತು ಪ್ರಪಂಚದ ಹಿರಿಯಣ್ಣನೆನಿಸಿ, 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ಸಂಗೀತ ಸಂಯೋಜನೆಯಲ್ಲಿ ಅಶೋಕ್ ಪತ್ಕಿ ಮತ್ತು ಲೂಯಿ ಬ್ಯಾಂಕ್ಸ್ ಅವರ ಕೈ ಸೇರಿತ್ತು. ಚಿತ್ರವನ್ನು ನಿರ್ದೇಶಿಸಿದವರು ಕೈಲಾಶ್ ಸುರೇಂದ್ರನಾಥ್.

ಆಯ್ಕೆ ಮಾಡಿದ ರಾಗ ಭೈರವಿ. ಹೆಸರು ಕೇಳಿ ನಮ್ಮ ಸಂಗೀತಪ್ರಿಯ ಗೃಹಿಣಿಯರು ಮೋಸ ಹೋಗಬಾರದು. ಇದು ಕರ್ನಾಟಕ ಪದ್ಧತಿಯ ಭೈರವಿಯಲ್ಲ. ಹಿಂದೂಸ್ತಾನಿ ಭೈರವಿಯಲ್ಲಿ ರಿಷಭ, ಗಾಂಧಾರ, ಧೈವತ, ನಿಷಾದಗಳೆಲ್ಲವೂ ಕೋಮಲ. ನಮ್ಮ ಮೇಳಗಳ ಲೆಕ್ಕದಲ್ಲಿ ಹನುಮತೋಡಿ ಇದಕ್ಕೆ ಸಮೀಪ. ಭಾವದಲ್ಲಿ ಸಿಂಧುಭೈರವಿ ಇದರ ಒಡಹುಟ್ಟು. ಉತ್ತರದ ಗವಾಯಿಗಳು ಕಛೇರಿಯ ಕೊನೆಯಲ್ಲಿ ಈ ರಾಗವನ್ನು ಹಾಡಿ ಸಭಿಕರನ್ನು ಬೀಳ್ಕೊಡುವ ವಾಡಿಕೆಯುಂಟು. ದೇಶದ ಹಾಡಿಗೆ ವೀರರಸದ ರಾಗವನ್ನು ಆರಿಸದೆ ಬೀಳ್ಕೊಡುಗೆಯ ರಾಗವನ್ನು ಆರಿಸಿದ್ದರಿಂದಲೇ ಏನೋ, ಇಂದಿಗೂ ಅದನ್ನು ಕೇಳುವಾಗ ಎದೆಯುಬ್ಬುವುದಕ್ಕಿಂತ ಮೊದಲು ಕಣ್ಣು ತೇವವಾಗುತ್ತದೆ. ಆರಂಭದ ಆಲಾಪ ಸರಿದು, ಪ್ರದೇಶದಿಂದ ಪ್ರದೇಶಕ್ಕೆ ಲಯ ಬದಲಾಗುತ್ತ, ಪಂಜಾಬಿನಲ್ಲಿ ಕುಣಿದು, ಬಂಗಾಳದಲ್ಲಿ ತೇಲಿ, ಲತಾ ಮಂಗೇಶ್ಕರ್ ಅವರ ಕಂಠದಲ್ಲಿ ನೆಲೆನಿಂತು, ರಾಷ್ಟ್ರಗೀತೆಯ ಸ್ವರಗಳ ನೆರಳಿನಲ್ಲಿ ಹಾಡು ಮುಗಿಯುತ್ತದೆ.

ಅಮಿತಾಭ್ ಬಚ್ಚನ್, ಹೇಮಾ ಮಾಲಿನಿ, ಕಮಲ ಹಾಸನ್ ಮೊದಲಾದ ತಾರೆಯರ ಮುಖಗಳ ನಡುವೆ ನಮ್ಮ ಬೆಂಗಳೂರಿನ ಪ್ರಕಾಶ್ ಪಡುಕೋಣೆಯವರು ಕಾಣಿಸಿದಾಗ ಮಾಮಿಯ ಮನೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದು ಬಂದವರು ಅವರಲ್ಲವೆ? 2010ರ ಗಣರಾಜ್ಯೋತ್ಸವದ ಹೊತ್ತಿಗೆ ಇದೇ ಹಾಡನ್ನು ಹೊಸದಾಗಿ ಚಿತ್ರೀಕರಿಸಿದಾಗ ಅದರಲ್ಲಿ ಅವರ ಮಗಳು ದೀಪಿಕಾ ಕಾಣಿಸಿಕೊಂಡರು. ಆದರೆ ಆ ಹೊಸ ಆವೃತ್ತಿ ಹಿಗ್ಗಿ ಹದಿನಾರು ನಿಮಿಷಗಳಷ್ಟಾಗಿತ್ತು. ನನ್ನಾಕೆ ಅದನ್ನು ಅರ್ಧ ಕೇಳಿ, "ಒಗ್ಗರಣೆಯೇ ಸಾರಿಗಿಂತ ಹೆಚ್ಚಾಯಿತು" ಎಂದು ಎದ್ದುಹೋದಳು.

ನಮ್ಮ ಸಾಲಿಗಾಗಿ ಕಾಯುವುದು

ಹಾಡಿನಲ್ಲಿ ಕನ್ನಡಕ್ಕೆ ದೊರೆತದ್ದು ಕೆಲವೇ ಕ್ಷಣ. ಆದರೆ ಆ ಕೆಲವು ಕ್ಷಣಗಳಿಗಾಗಿ ನಾವು ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಅದಕ್ಕೆ ಕಾರಣವಿತ್ತು. ಗೋಕಾಕ್ ವರದಿಯ ಚಳವಳಿ ನಡೆದು ಆಗ ಆರು ವರ್ಷವಷ್ಟೆ. 1982ರಲ್ಲಿ ಡಾ. ರಾಜಕುಮಾರ್ ಅವರು ಬೀದಿಗಿಳಿದಾಗ ಅವರ ಹಿಂದೆ ನಡೆದ ಸಾವಿರಾರು ಜನರಲ್ಲಿ ನಾನೂ ಒಬ್ಬ. ರಾತ್ರಿಯ ರಾಷ್ಟ್ರೀಯ ಕಾರ್ಯಕ್ರಮವೆಂದರೆ ಹಿಂದಿ, ಇಲ್ಲವೆ ಇಂಗ್ಲಿಷು ಎಂದು ಗೊಣಗಿಕೊಂಡೇ ನೋಡುತ್ತಿದ್ದ ನಮಗೆ, ದಿಲ್ಲಿಯ ಪರದೆಯ ಮೇಲೆ ನಮ್ಮ ನುಡಿ ಕೇಳಿಸಿದ್ದು ಸಣ್ಣ ಸಂಗತಿಯಾಗಿರಲಿಲ್ಲ.

ಆ ಸಾಲು ಬರುತ್ತಿದ್ದದ್ದು ತಮಿಳಿನ ಸಾಲಿನ ಬೆನ್ನಿಗೇ. ಮೊದಲು ತಮಿಳು, ಆಮೇಲೆ ಕನ್ನಡ, ಅನಂತರ ತೆಲುಗು, ಮಲಯಾಳ. ನಮ್ಮ ರಸ್ತೆಯಲ್ಲಿಯೂ ಮೂಲೆಯಿಂದ ಎಣಿಸಿದರೆ ಮೊದಲು ಮಾಮಿಯ ಮನೆ, ಅದರ ಪಕ್ಕಕ್ಕೆ ನಮ್ಮದು! ತಮಿಳು ಬಂದಾಗ ಮಾಮಿಯ ಮಕ್ಕಳು ಗಟ್ಟಿಯಾಗಿ ಹಾಡಬೇಕು, ಕನ್ನಡ ಬಂದಾಗ ನಮ್ಮ ಮಕ್ಕಳು ಹಾಡಬೇಕು ಎಂದು ಮೊದಲಿಗೆ ಒಪ್ಪಂದವಾಗಿತ್ತು. ಕೆಲವೇ ದಿನಗಳಲ್ಲಿ ಅದು ಮುರಿದುಬಿತ್ತು. ನಾಲ್ವರು ಮಕ್ಕಳೂ ಎಲ್ಲ ಭಾಷೆಯ ಸಾಲುಗಳನ್ನೂ ಬಾಯಿಪಾಠ ಮಾಡಿದ್ದರು. ಅರ್ಥ ತಿಳಿಯದೆ, ಉಚ್ಚಾರ ತಪ್ಪುತ್ತ, ಅಸ್ಸಾಮಿ ಯಾವುದು ಒಡಿಯಾ ಯಾವುದು ಎಂಬ ವ್ಯತ್ಯಾಸವರಿಯದೆ ಹಾಡುತ್ತಿದ್ದರು.

ಆಗ ನಾನು ಯೋಚಿಸದಿದ್ದ ಒಂದು ಅಂಶ ಈಗ ಹೊಳೆಯುತ್ತದೆ. ಹಾಡನ್ನು ಎತ್ತಿಕೊಂಡ ಭೀಮಸೇನರು ನಮ್ಮವರು. ಗದಗ ಸೀಮೆಯಲ್ಲಿ 1922ರಲ್ಲಿ ಹುಟ್ಟಿ, ಸಂಗೀತಕ್ಕಾಗಿ ಬಾಲ್ಯದಲ್ಲಿಯೇ ಮನೆ ಬಿಟ್ಟು ಓಡಿ, ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತು, ಪುಣೆಯಲ್ಲಿ ನೆಲೆಸಿದ ಕನ್ನಡಿಗರು. ಅವರು ಇಲ್ಲಿ ಹಾಡಿದ್ದು ಹಿಂದಿಯ ಸಾಲನ್ನು. ತಮಿಳಿನ ಸಾಲನ್ನು ಹಾಡಿದ ಬಾಲಮುರಳೀಕೃಷ್ಣರು ಗೋದಾವರಿ ಸೀಮೆಯಲ್ಲಿ ಹುಟ್ಟಿದ ತೆಲುಗರು. ಹಿಂದಿಯಲ್ಲಿ ಹಾಡನ್ನು ಮುಗಿಸಿದ ಲತಾ ಅವರ ಮನೆಮಾತು ಮರಾಠಿ. ನಾವು ನಮ್ಮ ನಮ್ಮ ಸಾಲಿಗಾಗಿ ಕಾಯುತ್ತಿದ್ದೆವು; ಆ ಮಹನೀಯರಾದರೋ ನೆರೆಯವರ ಸಾಲನ್ನು ಹೊತ್ತು ಹಾಡಿದ್ದರು.

ಹಾಡು ನಿಂತ ಎರಡು ರಾತ್ರಿ

ಹಳೆಯ ಹಾಡನ್ನು ನೆನೆಯುವವರೆಲ್ಲ "ಆ ಕಾಲವೇ ಚೆನ್ನಾಗಿತ್ತು" ಎಂದು ನಿಟ್ಟುಸಿರಿಡುವುದುಂಟು. ನಾನೂ ಹಾಗೆಯೇ ಬರೆದು ಮುಗಿಸಬಹುದಾಗಿತ್ತು. ಆದರೆ ಆ ಕಾಲ ಎಷ್ಟು ಚೆನ್ನಾಗಿತ್ತೆಂಬುದಕ್ಕೆ ನಾನೊಬ್ಬ ಸಾಕ್ಷಿಯಾಗಿದ್ದೇನೆ. ಸಾಕ್ಷಿ ಪೂರ್ತಿ ಹೇಳಬೇಕು.

1991ರ ಡಿಸೆಂಬರ್. ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆದೇಶ ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದೊಡನೆ ಬೆಂಗಳೂರು ಹೊತ್ತಿ ಉರಿಯಿತು. ನೀರಿನ ವಿಷಯದಲ್ಲಿ ನಮಗೆ ಅನ್ಯಾಯವಾಗಿದೆ ಎಂಬ ನೋವು ನನಗೂ ಇತ್ತು. ಮಂಡ್ಯದ ಸೀಮೆಯ ರೈತನ ಮಗ ನಾನು. ಆದರೆ ಬೀದಿಗಿಳಿದ ಸಿಟ್ಟು ನೀರಿನ ಲೆಕ್ಕ ಕೇಳಲಿಲ್ಲ. ಮನೆಯವರ ಮಾತು ಯಾವುದೆಂದು ಕೇಳಿತು. ನಗರದಲ್ಲಿ ಅಂಗಡಿಗಳು ಉರಿದವು, ಗುಡಿಸಲುಗಳು ಉರಿದವು, ಜನ ಸತ್ತರು. ಕರ್ಫ್ಯೂ ಬಂತು.

ಆ ಸಂಜೆ ಮಾಮಿಯ ಯಜಮಾನರು ಗೇಟಿನ ಮೇಲಿದ್ದ ತಮಿಳು ಅಕ್ಷರದ ನಾಮಫಲಕವನ್ನು ಕಳಚಿ ಒಳಗೆ ಒಯ್ದದ್ದನ್ನು ಕಿಟಕಿಯಿಂದ ನೋಡಿದೆ. ದೀಪ ಹಚ್ಚುವ ಹೊತ್ತಿಗೆ ನಮ್ಮ ಬಾಗಿಲ ಮೇಲೆ ಮೆಲ್ಲನೆ ತಟ್ಟಿದ ಸದ್ದು. "ಸಾರ್, ನಾನು. ಮಕ್ಕಳು ಇವತ್ತೊಂದು ರಾತ್ರಿ ನಿಮ್ಮ ಮನೇಲಿ ಇರಬಹುದಾ?"

ಕೈ ಚಿಲಕದ ಮೇಲಿತ್ತು. ನಾನು ಅದನ್ನು ಕೂಡಲೇ ತೆಗೆಯಲಿಲ್ಲ. ರಸ್ತೆಯ ತುದಿಯಲ್ಲಿ ಯಾರೋ ಓಡಾಡುತ್ತಿದ್ದ ಸದ್ದು. ನೋಡಿಬಿಟ್ಟರೆ? ನಾಳೆ ನಮ್ಮ ಮನೆಯ ಗಾಜಿಗೂ ಕಲ್ಲು ಬಿದ್ದರೆ? ನನ್ನವೂ ಇಬ್ಬರು ಮಕ್ಕಳು. ಹೀಗೆ ಎಷ್ಟು ಹೊತ್ತು ನಿಂತಿದ್ದೆನೋ, ಹತ್ತು ಕ್ಷಣವೋ ಹದಿನೈದೋ. ಹಿಂದಿನಿಂದ ನನ್ನಾಕೆ ಬಂದು ಏನೂ ಹೇಳದೆ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಚಿಲಕ ತೆಗೆದಳು.

ಮಕ್ಕಳು ಎರಡು ರಾತ್ರಿ ನಮ್ಮಲ್ಲಿದ್ದರು. ಮೂರು ವರ್ಷ ಒಟ್ಟಿಗೆ ಹಾಡಿದ ನಾಲ್ವರೂ ಒಂದೇ ಜಮಖಾನದ ಮೇಲೆ ಮಲಗಿದ್ದರು. ಆಗ ಯಾರೂ ಹಾಡಲಿಲ್ಲ. ತಮಿಳು ಮಾತು ಹೊರಗೆ ಕೇಳಿಸಬಾರದೆಂದು ಆ ಎರಡು ಎಳೆಯ ಜೀವಗಳು ತಮ್ಮತಮ್ಮೊಳಗೆ ಕೂಡ ಕನ್ನಡದಲ್ಲಿಯೇ ಪಿಸುಗುಟ್ಟುತ್ತಿದ್ದವು.

ಕಾಲು ಶತಮಾನದ ಬಳಿಕ ಮತ್ತೆ ಅದೇ ಕಥೆ. 2016ರ ಸೆಪ್ಟೆಂಬರ್ 12. ದಿನಕ್ಕೆ 12,000 ಕ್ಯೂಸೆಕ್ಸ್ ನೀರು ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ ದಿನ. ನಾಯಂಡಹಳ್ಳಿಯ ಕಡೆಯಿಂದ ಕಪ್ಪು ಹೊಗೆ ಎದ್ದಿತು. ನಿಲ್ಲಿಸಿದ್ದ ಬಸ್ಸುಗಳು ಸಾಲಾಗಿ ಉರಿಯುತ್ತಿದ್ದವು. ಆ ರಾತ್ರಿ ಕರ್ಫ್ಯೂ ವಿಧಿಸಿದ ಹದಿನಾರು ಪೊಲೀಸ್ ಠಾಣೆಗಳ ಪಟ್ಟಿಯಲ್ಲಿ ವಿಜಯನಗರವೂ ಇತ್ತು, ಚಂದ್ರಾ ಬಡಾವಣೆಯೂ ಇತ್ತು. ಅಷ್ಟರಲ್ಲಿ ಮಾಮಿಯ ಯಜಮಾನರು ತೀರಿಕೊಂಡಿದ್ದರು, ಮಕ್ಕಳು ದೂರದ ಊರುಗಳಲ್ಲಿದ್ದರು. ಈ ಸಲ ಮಾಮಿ ಬಂದು ಬಾಗಿಲು ತಟ್ಟುವವರೆಗೆ ನಾನು ಕಾಯಲಿಲ್ಲ. ನಾನೇ ಹೋಗಿ ಕರೆದೆ. "ಎಪ್ಪತ್ತು ವರ್ಷದ ಮುದುಕಿಗೆ ಯಾರು ಏನು ಮಾಡುತ್ತಾರೆ?" ಎಂದು ಅವರು ನಕ್ಕರು, ಆದರೂ ದಿಂಬನ್ನು ಕಂಕುಳಲ್ಲಿರಿಸಿಕೊಂಡು ಬಂದರು.

ಉಚ್ಚಾರದ ಪಾಠ

ಮೊಮ್ಮಗಳ 'ತಮಿಳು ಜ್ವರ'ಕ್ಕೆ ಮದ್ದು ಗೋಡೆಯಾಚೆಯೇ ಇತ್ತು. ಮರುದಿನ ಸಂಜೆ ಅವಳನ್ನು ಕರೆದುಕೊಂಡು ಮಾಮಿಯ ಮನೆಗೆ ಹೋದೆ. ಬಾಗಿಲು ಬೀಗಗಳ ಆ ಟೆಲಿವಿಷನ್ ಕಪಾಟಿನಲ್ಲಿ ಈಗ ಔಷಧಿಯ ಡಬ್ಬಿಗಳೂ ಹಳೆಯ ಪಂಚಾಂಗಗಳೂ ಇವೆ. ಬೆತ್ತದ ಕುರ್ಚಿ ಮಾತ್ರ ಅದೇ.

ಮಾಮಿ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಪದ ಬಿಡಿಸಿ ಹೇಳಿಕೊಟ್ಟರು. ಪದಗಳ ಅರ್ಥವನ್ನೂ ಹೇಳಿದರು. "ಅಂದರೆ ಕನ್ನಡದ ಸಾಲಿನಲ್ಲಿ ಇರೋದೇ ಇದು!" ಎಂದು ಮೊಮ್ಮಗಳು ಬೆರಗಾದಳು. "ಇನ್ನೇನು ಮತ್ತೆ? ಎಲ್ಲರೂ ಹೇಳೋದು ಅದೊಂದೇ ಮಾತು" ಎಂದು ಮಾಮಿ ಅವಳ ಗಲ್ಲ ಹಿಡಿದರು. ಅನಂತರ, ಯಾರೂ ಕೇಳದಿದ್ದರೂ, ಎಂಬತ್ತರ ಹರೆಯದ ನಡುಗುವ ಕಂಠದಲ್ಲಿ ಕನ್ನಡದ ಸಾಲನ್ನು ತಾವೇ ಹಾಡಿ ತೋರಿಸಿದರು. ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಿದ್ದಾಗ ಅವರೂ ಮಾಡಿದ್ದರೆಂದು ನನಗೆ ಅಂದೇ ತಿಳಿದದ್ದು.

ಹುಡುಗಿ ನೀರು ಕುಡಿಯಲು ಒಳಗೆ ಹೋದಾಗ ನಾನು ಬಹಳ ಕಾಲದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಎತ್ತಿದೆ. "ಮಾಮಿ, ಆವತ್ತು ರಾತ್ರಿ... ನಾನು ಬಾಗಿಲು ತೆಗೆಯುವುದಕ್ಕೆ ಸ್ವಲ್ಪ ತಡವಾಯಿತು."

ಅವರು ನನ್ನನ್ನೇ ನೋಡಿದರು. "ಗೊತ್ತು. ನಾನೂ ಅವರ ಹಿಂದೆಯೇ ಇದ್ದೆ, ಕತ್ತಲಲ್ಲಿ. ನಿಮ್ಮ ಬಳೆ ಇಲ್ಲದ ಕೈ ಚಿಲಕ ಮುಟ್ಟಿದ ಸದ್ದೂ ಕೇಳಿಸಿತು. ಆಮೇಲೆ ನಿಮ್ಮ ಮನೆಯವರ ಬಳೆಯ ಸದ್ದೂ ಕೇಳಿಸಿತು." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಜಾಗದಲ್ಲಿ ನಾವಿದ್ದಿದ್ದರೂ ಯೋಚನೆ ಮಾಡುತ್ತಿದ್ದೆವೇನೋ. ಕಾಫಿ ಕುಡಿಯುತ್ತೀರಾ?" ಎಂದರು.

ಓದುಗರೇ, ಹಾಡಿನಿಂದ ದೇಶ ಒಂದಾಗುತ್ತದೆಂದು ನಾನು ವಾದಿಸಲಾರೆ. ಆ ಹಾಡನ್ನು ದಿನವೂ ಕೇಳಿದ ಊರಿನಲ್ಲಿಯೇ ಅಂಗಡಿಗಳು ಉರಿದವು. ಆ ಹಾಡಿಗೆ ಕಣ್ಣೀರು ಸುರಿಸಿದ ನಾನೇ ಚಿಲಕ ಹಿಡಿದು ನಿಂತೆ. ಆದರೆ ಹಾಡಿನಿಂದ ಏನೂ ಆಗಲಿಲ್ಲವೆಂದೂ ಹೇಳಲಾರೆ. ಒಂದೇ ಪೆಟ್ಟಿಗೆಯ ಮುಂದೆ ಕುಳಿತಿದ್ದ ಕಾರಣದಿಂದಲೇ ಅವರು ತಟ್ಟಲು ನಮ್ಮ ಬಾಗಿಲನ್ನು ಆರಿಸಿಕೊಂಡರು. ಇಂದು ಒಬ್ಬೊಬ್ಬರ ಕೈಯಲ್ಲಿಯೂ ಒಂದೊಂದು ಪರದೆಯಿದೆ. ಬೇಕಾದ ಭಾಷೆ, ಬೇಕಾದ ಹಾಡು, ಬೇಕಾದ ಗಳಿಗೆ. ಯಾರ ಮನೆಗೂ ಹೋಗಿ ಕೂರಬೇಕಾದ ಅಗತ್ಯವಿಲ್ಲ. ನಮ್ಮ ರಸ್ತೆಯಲ್ಲಿ ಈಗ ಏಳು ಮನೆಗಳ ಬದಲು ನಲವತ್ತಕ್ಕೂ ಮಿಕ್ಕಿ ಸಂಸಾರಗಳಿವೆ. ಅವುಗಳಲ್ಲಿ ಎಷ್ಟು ಬಾಗಿಲುಗಳನ್ನು ನಾನು ನಡುರಾತ್ರಿಯಲ್ಲಿ ತಟ್ಟಬಲ್ಲೆ ಎಂದು ಲೆಕ್ಕ ಹಾಕಿ ನೋಡಿದೆ. ಒಂದು ಕೈಯ ಬೆರಳುಗಳು ಉಳಿದುಬಿಟ್ಟವು.

ಆಗಸ್ಟ್ 15ರ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಮಾಮಿಯನ್ನು ನಮ್ಮ ನಡುವೆ ಕೂರಿಸಿಕೊಂಡಿದ್ದೆವು. ಮೊಮ್ಮಗಳ ಸರದಿ ಬಂದಿತು. ಎರಡು ಜಡೆಯ ಆ ಕನ್ನಡದ ಹುಡುಗಿ ಕಣ್ಣು ಮುಚ್ಚಿಕೊಂಡು ತಮಿಳಿನ ಸಾಲನ್ನು ಹಾಡಿದಳು. ಉಚ್ಚಾರ ಎಲ್ಲಿಯಾದರೂ ತಪ್ಪಿತೇ ಎಂದು ಮಾಮಿಯ ಮುಖ ನೋಡಿದೆ. ಅವರು ತುಟಿಯಾಡಿಸುತ್ತಿದ್ದರು. ತಮಿಳು ಮುಗಿದು ಕನ್ನಡದ ಸಾಲು ಆರಂಭವಾದಾಗಲೂ ಅವರ ತುಟಿ ನಿಲ್ಲಲಿಲ್ಲ.